ಹಳೇ ಎಂಜಿನ್ನಿಗೆ ಡಿಕೋಡರ್, ಕಲ್ಲಿದ್ದಲು ವ್ಯಾಗನ್ನಿಗೆ ಹೊಸ ಗಾಲಿ: ವಿಜಯಪುರ ಲೇಔಟಿನ ಈ ಸಲದ ಕೆಲಸ

ನಮ್ಮದು ಮಾಡೆಲ್ ರೈಲಿನ ಹವ್ಯಾಸ. ಈ ಸಲ ಹೊಸ ಎಂಜಿನ್ ಕೊಳ್ಳಲಿಲ್ಲ. ಕೂಡಿಟ್ಟ ದುಡ್ಡನ್ನೆಲ್ಲ ಗಾಲಿ, ತಂತಿ, ಎಂಜಿನ್ ಒಳಗೆ ಕೂತು ಆಜ್ಞೆ ಪಾಲಿಸುವ ಸಣ್ಣ ಸರ್ಕ್ಯೂಟ್ ಆದ ಡಿಕೋಡರ್‌ಗೆ ಹಾಕಿದೆ. ಬಾಗಲಕೋಟೆಯ ಗೆಳೆಯರೂ ಬೆಳಗಾವಿಯ ಅಣ್ಣಾರೂ ಹೆಚ್ಚುಕಡಿಮೆ ಅದನ್ನೇ ಮಾಡಿದರು. ಮೂವರಿಗೂ ಬೇಕಾಗಿದ್ದು ಒಂದೇ. ರೈಲು ನಿಧಾನಕ್ಕೆ ಹೋಗಬೇಕು. ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ತಡವರಿಸಬಾರದು. ಬೆರಳಿನಿಂದ ತಳ್ಳುವ ಪ್ರಸಂಗ ಬರಲೇಬಾರದು.

ನನ್ನ ಲೇಔಟ್, ಅಂದರೆ ಮಾಡೆಲ್ ರೈಲು ಓಡುವ ಹಳಿ-ಸ್ಟೇಷನ್ನುಗಳ ಮಾದರಿ, ಇರುವುದು ನಮ್ಮ ಮನೆಯ ಮಹಡಿ ಕೋಣೆಯಲ್ಲಿ. ಎಚ್‌ಒ ಸ್ಕೇಲ್, ಅಂದರೆ 1:87, ನಿಜದ್ದರ 87ನೇ ಒಂದು ಪಾಲು. ಅದರ ಮೇಲೆ ಇರುವುದು ನಮ್ಮದೇ ಗದಗ-ಹೊಟಗಿ ಲೈನು. ಸದರ್ನ್ ಮರಾಠಾ ರೈಲ್ವೆಯವರು 1884ರ ಸುಮಾರಿಗೆ ಹಾಕಿದ ಮೀಟರ್‌ಗೇಜ್ ಹಾದಿ ಅದು. ಬ್ರಾಡ್‌ಗೇಜ್ ಆಗಿ ಈಗ ಹದಿನೈದು ವರ್ಷದ ಮೇಲಾಯಿತು. ನಾನು ಮಾಡುತ್ತಿರುವುದು ಬ್ರಾಡ್‌ಗೇಜ್ ಬಂದ ಮೇಲಿನ ಡೀಸೆಲ್ ಕಾಲ. ಒಂದು ಕಡೆ ವಿಜಯಪುರ ಸ್ಟೇಷನ್, ಹಿಂದೆ ಗೋಳಗುಮ್ಮಟ. ಇನ್ನೊಂದು ಕಡೆ ಕೂಡಗಿ ವಿದ್ಯುತ್ ಸ್ಥಾವರದ ಸೈಡಿಂಗ್, ಅಂದರೆ ಮುಖ್ಯ ಹಾದಿಯಿಂದ ಒಳಕ್ಕೆ ಹೋಗುವ ಹಳಿ. ಮೂರು 800 ಮೆಗಾವ್ಯಾಟ್ ಘಟಕಗಳ ಸ್ಥಾವರ ಅದು. ಹಾಗಾಗಿ ಈ ಲೈನಿನಲ್ಲಿ ಕಲ್ಲಿದ್ದಲು ರೇಕ್ (ವ್ಯಾಗನ್‌ಗಳ ಉದ್ದ ಸಾಲು) ನೋಡದವರು ಕಡಿಮೆ.

ಕಲ್ಲಿದ್ದಲು ರೇಕ್ ಸೈಡಿಂಗಿಗೆ ತಿರುಗುವುದನ್ನು ನಿಂತು ನೋಡಿದವರಿಗೆ ಗೊತ್ತು, ಅದು ಎಷ್ಟು ನಿಧಾನ ಅಂತ. ಎಂಜಿನ್ ತಿರುವಿಗೆ ಬರುತ್ತದೆ, ಒಂದೊಂದೇ ವ್ಯಾಗನ್ ಕಣ್ಣೆದುರು ಹಾಯುತ್ತದೆ, ಎಷ್ಟೋ ಹೊತ್ತಾದರೂ ಗಾರ್ಡ್ ಡಬ್ಬಿ ಬರುವುದೇ ಇಲ್ಲ. ನನಗೆ ಲೇಔಟಿನಲ್ಲಿ ಬೇಕಾದದ್ದು ಈ ನೋಟ. ಲೆಕ್ಕ ಹಾಕಿದೆ. ನಿಜದ ರೈಲು ಗಂಟೆಗೆ 10 ಕಿ.ಮೀ. ಹೋದರೆ, 1:87ರಲ್ಲಿ ಅದು ಸೆಕೆಂಡಿಗೆ 3.2 ಸೆಂ.ಮೀ. ಮಾತ್ರ. ಒಂದು ಮೀಟರ್ ದಾಟಲು ಅರ್ಧ ನಿಮಿಷಕ್ಕೂ ತುಸು ಜಾಸ್ತಿ. ಆ ವೇಗದಲ್ಲಿ ಎಂಜಿನ್ ಓಡಬೇಕಾದರೆ ಹಳಿಯಿಂದ ಹಿಡಿದು ಗೇರ್‌ವರೆಗೆ ಎಲ್ಲವೂ ಸರಿ ಇರಬೇಕು. ಜೋರಾಗಿ ಓಡಿಸಿದರೆ ದೋಷಗಳೆಲ್ಲ ಮುಚ್ಚಿಹೋಗುತ್ತವೆ. ನಿಧಾನಕ್ಕೆ ಓಡಿಸಿದಾಗಲೇ ಅವು ಕಾಣುವುದು.

ಮೊದಲು ಯಾರು ಏನು ತರಿಸಿದರು ಅನ್ನುವುದನ್ನು ಹೇಳಿಬಿಡುತ್ತೇನೆ. ನಾನು ತರಿಸಿದ್ದು ಎರಡು ಡಿಕೋಡರ್, ಲೋಹದ ಗಾಲಿ-ಆಕ್ಸಲ್ ಸೆಟ್‌ಗಳು, ಆರ್ಡುಯಿನೋ ಮೆಗಾ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಕೂರುವ ಮೋಟರ್ ಶೀಲ್ಡ್. ಬಾಗಲಕೋಟೆಯ ನವನಗರದಲ್ಲಿರುವ ಗೆಳೆಯರು ರೆಸಿನ್ 3ಡಿ ಪ್ರಿಂಟರ್ ಕೊಂಡರು. ಬೆಳಗಾವಿಯ ಅಣ್ಣಾರಿಗೆ ಉದ್ಯಮಬಾಗದಲ್ಲಿ ಲೇತ್ ಶಾಪ್ ಇದೆ. ಅವರು ಡಬ್ಬಿಗಳನ್ನು ಕೂಡಿಸುವ ನಕಲ್ (knuckle) ಕಪ್ಲರ್‌ಗಳನ್ನೂ ಗಾಲಿ ಅಂತರ ನೋಡುವ ಗೇಜ್ ಅನ್ನೂ ತರಿಸಿದರು. ಹೊರದೇಶದಿಂದ ಬರಬೇಕಾದ ಸಾಮಾನುಗಳನ್ನು ಮೂವರೂ ಸೇರಿ ಒಂದೇ ಪಾರ್ಸಲ್‌ನಲ್ಲಿ ತರಿಸಿದೆವು. ಸಾಗಾಟದ ಖರ್ಚು ಹಂಚಿಹೋಗುತ್ತದೆ. ಸಣ್ಣ ಸಣ್ಣ ಪಾರ್ಸಲ್ ತರಿಸಿದರೆ ಎಷ್ಟೋ ಸಲ ಸಾಮಾನಿಗಿಂತ ಸಾಗಾಟ ಮತ್ತು ಸುಂಕವೇ ಜಾಸ್ತಿ ಆಗುತ್ತದೆ. ನಮ್ಮ ಕಡೆ ಹೊಸದಾಗಿ ಈ ಹವ್ಯಾಸ ಶುರುಮಾಡುವವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಸಂಕ್ರಾಂತಿಗೆ ಇಲ್ಲಿ ಸಿದ್ಧೇಶ್ವರ ಜಾತ್ರೆ. ಆ ನೆಪದಲ್ಲಿ ಇಬ್ಬರೂ ಬಂದರು. ಜಾತ್ರೆಗೆ ಒಂದು ಸುತ್ತು ಹಾಕಿ ಬಂದು ಪಾರ್ಸಲ್ ಬಿಚ್ಚಿದೆವು. ಜನವರಿಯಲ್ಲಿ ಇಲ್ಲಿ ಹವಾ ಚೆನ್ನಾಗಿರುತ್ತದೆ, ಮಹಡಿ ಕೋಣೆಯಲ್ಲಿ ಕೂತು ಸೋಲ್ಡರ್ ಮಾಡಬಹುದು. ಮೇ ತಿಂಗಳಲ್ಲಿ ಅದು ಆಗದ ಮಾತು.

ಎಂಜಿನ್ ಕೆಲಸ ಶುರುವಾಯಿತು. ನನ್ನ ಹತ್ತಿರ ಇದ್ದದ್ದು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಆರು ಆಕ್ಸಲಿನ ಅಮೆರಿಕನ್ ಆಲ್ಕೋ ಎಂಜಿನ್ನಿನ ಮಾಡೆಲ್. ಅದರ ಚಾಸಿಯ ಮೇಲೆ ಸ್ಟೈರೀನ್ ಶೀಟಿನಲ್ಲಿ ನಮ್ಮ ರೈಲ್ವೆಯ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2ರ ಬಾಡಿ ಕಟ್ಟಿದ್ದೇನೆ. ಈ ಜೋಡಿ ಸುಮ್ನೆ ಆರಿಸಿದ್ದಲ್ಲ. ಡಬ್ಲ್ಯುಡಿಎಂ-2 ಹುಟ್ಟಿದ್ದೇ ಆಲ್ಕೋ ಕಂಪನಿಯಲ್ಲಿ. 1962ರಲ್ಲಿ ಮೊದಲ ಎಂಜಿನ್‌ಗಳು ಅಲ್ಲಿಂದಲೇ ಬಂದವು, ಆಮೇಲೆ ವಾರಾಣಸಿಯಲ್ಲಿ ತಯಾರಾದವು. 2600 ಅಶ್ವಶಕ್ತಿಯ ಎಂಜಿನ್ ಅದು. ಅದರ ಬೋಗಿಯಲ್ಲಿ, ಅಂದರೆ ಗಾಲಿಗಳನ್ನು ಹಿಡಿದಿರುವ ಕೆಳಗಿನ ಚೌಕಟ್ಟಿನಲ್ಲಿ, ಮೂರು ಆಕ್ಸಲ್‌ಗಳ ನಡುವಿನ ಅಂತರ ಸಮ ಇಲ್ಲ. ಆ ಕಾಲದ ಅಮೆರಿಕನ್ ಆಲ್ಕೋಗಳ ಬೋಗಿಯೂ ಹಾಗೇ. ಆದ್ದರಿಂದ ಪಕ್ಕದಿಂದ ನೋಡಿದಾಗ ಬೋಗಿ ಒಪ್ಪುತ್ತದೆ. ಇದೊಂದು ಒಪ್ಪದಿದ್ದರೆ ಬಾಡಿ ಎಷ್ಟೇ ಚೆನ್ನಾಗಿ ಮಾಡಿದರೂ ಕಣ್ಣಿಗೆ ಚುಚ್ಚುತ್ತದೆ. ನಿಜದ ಎಂಜಿನ್ನಿನ ಉದ್ದ ಸುಮಾರು 17.1 ಮೀಟರ್, ನನ್ನದು 19.7 ಸೆಂ.ಮೀ.

ಹಳಿಯ ಅಗಲದ ಬಗ್ಗೆ ಒಂದು ಮಾತು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ. ಅಂದರೆ ನಮ್ಮ ರೈಲು ಇರಬೇಕಾದುದಕ್ಕಿಂತ ಇಕ್ಕಟ್ಟಾದ ಹಳಿಯ ಮೇಲೆ ಓಡುತ್ತದೆ. ಎದುರಿನಿಂದ ನೋಡಿದರೆ ಗೊತ್ತಾಗುತ್ತದೆ, ಪಕ್ಕದಿಂದ ಗೊತ್ತಾಗುವುದಿಲ್ಲ. ಸರಿಯಾದ ಅಗಲ ಬೇಕು ಅಂದರೆ ಹಳಿ, ಪಾಯಿಂಟ್ಸ್, ಆಕ್ಸಲ್ ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ನಾನು 16.5ಕ್ಕೆ ಒಪ್ಪಿಕೊಂಡಿದ್ದೇನೆ. ಓಡುವ ರೈಲು ನನಗೆ ಮುಖ್ಯ.

ಈ ಎಂಜಿನ್ನಿನ ದೊಡ್ಡ ತೊಂದರೆ ಏನಾಗಿತ್ತು ಅಂದರೆ, ನಿಧಾನಕ್ಕೆ ಬಿಟ್ಟಾಗ ಗಾಲಿಯ ಪ್ರತಿ ಸುತ್ತಿಗೂ ಒಂದು ಸಲ ಟಕ್ ಅನ್ನುತ್ತಿತ್ತು, ಜೊತೆಗೆ ತುಸು ಕುಲುಕುತ್ತಿತ್ತು. ಬಿಚ್ಚಿ ನೋಡುವ ಮೊದಲೇ ಅಣ್ಣಾರು ಹೇಳಿದರು. "ಗೇರ್ ಸೀಳೇದ ನೋಡ್ರಿ. ಬ್ಯಾರೆ ಏನಿಲ್ಲ." ಹಾಗೇ ಇತ್ತು. ಆಕ್ಸಲಿನ ನಡುವೆ ಇರುವ ಪ್ಲಾಸ್ಟಿಕ್ ಗೇರ್ ಲೋಹದ ಆಕ್ಸಲನ್ನು ಬಿಗಿಯಾಗಿ ಹಿಡಿದಿರುತ್ತದೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಒಳಗಿನ ಲೋಹ ಕುಗ್ಗುವುದಿಲ್ಲ. ಕೊನೆಗೆ ಗೇರ್ ಉದ್ದಕ್ಕೆ ಸೀಳುತ್ತದೆ. ಸೀಳಿದ ಜಾಗದಲ್ಲಿ ಎರಡು ಹಲ್ಲುಗಳ ನಡುವೆ ಅಂತರ ಜಾಸ್ತಿ ಆಗಿ, ಪ್ರತಿ ಸುತ್ತಿಗೂ ಅದನ್ನು ತಿರುಗಿಸುವ ವರ್ಮ್ ಗೇರ್ ಅಲ್ಲಿ ಎಡವುತ್ತದೆ. ಕಣ್ಣಿಗೆ ಸೀಳು ಸುಲಭಕ್ಕೆ ಕಾಣುವುದಿಲ್ಲ. ಗಾಲಿ ಎರಡನ್ನೂ ಹಿಡಿದು ತುಸು ತಿರುಚಿದರೆ ಬಾಯಿ ಬಿಡುತ್ತದೆ.

ಸೀಳಿದ್ದಕ್ಕೆ ಅಂಟು ಹಚ್ಚುವುದರಲ್ಲಿ ಅರ್ಥ ಇಲ್ಲ. ಹಲ್ಲಿನ ಅಂತರ ಮತ್ತೆ ಸರಿ ಬರುವುದಿಲ್ಲ. ಹೊಸ ಗೇರ್ ಹಾಕಿದೆವು. ಹಾಕುವ ಮೊದಲು ಅಣ್ಣಾರು ಗೇರಿನ ಎರಡೂ ಕಡೆಯ ಅರ್ಧ ಆಕ್ಸಲ್‌ಗಳನ್ನು ಬೆಳಗಾವಿಗೆ ಒಯ್ದು, ಗೇರ್ ಒಳಗೆ ಕೂರುವ ಭಾಗವನ್ನು ಲೇತ್ ಮೇಲೆ 0.02 ಮಿ.ಮೀ.ನಷ್ಟು ಕಡಿಮೆ ಮಾಡಿದರು. ಹಿಡಿತ ಉಳಿಯಬೇಕು, ಆದರೆ ಪ್ಲಾಸ್ಟಿಕ್ ಮೇಲೆ ಮೊದಲಿನಷ್ಟು ಒತ್ತಡ ಇರಬಾರದು. ಬೆಳಗಾವಿಯಲ್ಲಿ ಫೌಂಡ್ರಿ, ಹೈಡ್ರಾಲಿಕ್ಸ್, ಮಶೀನ್ ಶಾಪ್ ಅಂತ ದೊಡ್ಡ ಸಂತೆಯೇ ಇದೆ. ಇಂಥ ಕೈಕೆಲಸದವರು ಹತ್ತಿರ ಇರುವುದು ನಮ್ಮ ಭಾಗ್ಯ. ಒಂದು ಸೀಳಿದ್ದರೆ ಉಳಿದವೂ ಅದೇ ದಾರಿಯಲ್ಲಿ ಇರುತ್ತವೆ, ಅದಕ್ಕೇ ಆರೂ ಆಕ್ಸಲಿನ ಗೇರ್ ಬದಲಿಸಿದೆವು.

ಹಳೇ ಗ್ರೀಸ್ ಗಟ್ಟಿಯಾಗಿ ಅಂಟಿನಂತೆ ಆಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ತಿಕ್ಕಿ ತೆಗೆದೆ. ಗೇರ್‌ಗೆ ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್, ಮೋಟರಿನ ಬೇರಿಂಗ್‌ಗೆ ಸೂಜಿ ತುದಿಯಲ್ಲಿ ನಿಲ್ಲುವಷ್ಟು ತೆಳು ಎಣ್ಣೆ. ಅಷ್ಟೇ ಸಾಕು. ಜಾಸ್ತಿ ಹಾಕಿದರೆ ಎಣ್ಣೆ ಗಾಲಿಗೆ ಬರುತ್ತದೆ, ಗಾಲಿಯಿಂದ ಹಳಿಗೆ ಹೋಗುತ್ತದೆ, ಆಮೇಲೆ ವಿಜಯಪುರದ ಧೂಳು ಅದರ ಮೇಲೆ ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಗೇರ್‌ಗೆ ಹೊಡೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಈಗ ಡಿಕೋಡರ್. ಮೊದಲಿನ ಡಿಸಿ ಪದ್ಧತಿಯಲ್ಲಿ ಹಳಿಗೆ ಕೊಟ್ಟ ವೋಲ್ಟೇಜೇ ಎಂಜಿನ್ನಿನ ವೇಗ. ವೋಲ್ಟೇಜ್ ಇಳಿಸಿದರೆ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ನಿಧಾನ ಆಗುತ್ತವೆ, ದೀಪವೂ ಮಂಕಾಗುತ್ತದೆ. ಡಿಸಿಸಿಯಲ್ಲಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಹಳಿಯಲ್ಲಿ ಪೂರ್ತಿ ವೋಲ್ಟೇಜ್ ಯಾವಾಗಲೂ ಇರುತ್ತದೆ. ಅದರ ಧ್ರುವ ಪಟಪಟನೆ ಬದಲಾಗುತ್ತಿರುತ್ತದೆ, ಆ ಬದಲಾವಣೆಯ ಲಯದಲ್ಲೇ ಸಂದೇಶ ಇರುತ್ತದೆ. ಅರ್ಧ ಅಲೆ 58 ಮೈಕ್ರೊಸೆಕೆಂಡ್ ಇದ್ದರೆ ಅದು ಒಂದು, 100 ಇದ್ದರೆ ಸೊನ್ನೆ. ಎಂಜಿನ್ ಒಳಗಿನ ಡಿಕೋಡರ್ ಆ ಸಂದೇಶವನ್ನು ಓದಿ, ತನ್ನ ನಂಬರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಒಂದೇ ಹಳಿಯ ಮೇಲೆ ಒಂದು ಎಂಜಿನ್ ನಿಂತಿರಬಹುದು, ಇನ್ನೊಂದು ಅದರ ಕಡೆಗೆ ಮೆಲ್ಲಗೆ ಬಂದು ಕೂಡಿಕೊಳ್ಳಬಹುದು. ಕೂಡಗಿ ಸೈಡಿಂಗಿನಲ್ಲಿ ಶಂಟಿಂಗ್ ಮಾಡಬೇಕಾದರೆ ಇದು ಬೇಕೇ ಬೇಕು.

ಡಿಕೋಡರ್ ಹಾಕುವಾಗ ಕಾಯಬೇಕಾದ ನಿಯಮ ಒಂದೇ. ಮೋಟರಿನ ಯಾವ ತುದಿಯೂ ಹಳಿಗೆ ನೇರವಾಗಿ ತಾಗಿರಬಾರದು. ಹಳೇ ಎಂಜಿನ್‌ಗಳಲ್ಲಿ ಮೋಟರಿನ ಕೆಳಗಿನ ಬ್ರಷ್ ಲೋಹದ ಚಾಸಿಗೇ ತಾಗಿರುತ್ತದೆ, ಚಾಸಿ ಒಂದು ಹಳಿಗೆ ಜೋಡಿಸಿರುತ್ತದೆ. ಹಾಗೇ ಬಿಟ್ಟು ಕರೆಂಟ್ ಕೊಟ್ಟರೆ ಡಿಕೋಡರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಮೋಟರ್ ಹೊರಗೆ ತೆಗೆದು, ಕೂರುವ ಜಾಗಕ್ಕೆ ಕರೆಂಟ್ ತಡೆಯುವ ಕಾಪ್ಟನ್ ಟೇಪ್ ಎರಡು ಪದರ ಹಾಕಿದೆ. ಕೆಳಗಿನ ಕ್ಲಿಪ್ಪಿಗೆ ಬೇರೆ ತಂತಿ ಸೋಲ್ಡರ್ ಮಾಡಿದೆ. ಮೋಟರ್ ಹಿಡಿಯುವ ಲೋಹದ ಸ್ಕ್ರೂ ತೆಗೆದು ನೈಲಾನ್ ಸ್ಕ್ರೂ ಹಾಕಿದೆ. ಆಮೇಲೆ ಮಲ್ಟಿಮೀಟರ್ ಬೀಪ್‌ನಲ್ಲಿ ಇಟ್ಟು, ಎರಡೂ ಬ್ರಷ್‌ಗಳನ್ನು ಎಡ ಗಾಲಿ, ಬಲ ಗಾಲಿ, ಚಾಸಿ ಮೂರಕ್ಕೂ ತಾಗಿಸಿ ನೋಡಿದೆ. ಎಲ್ಲೂ ಬೀಪ್ ಬರಬಾರದು. ಬಾಡಿ ಹಾಕಿದ ಮೇಲೂ ಒಮ್ಮೆ ನೋಡಿದೆ. ಬಾಡಿಯ ಒಳಗಿನ ತೂಕದ ತುಂಡು ತಂತಿಯನ್ನು ಒತ್ತಿರುವ ಸಾಧ್ಯತೆ ಇರುತ್ತದೆ.

ಡಿಕೋಡರ್ ಎಷ್ಟು ಆಂಪಿಯರ್ ತಾಳಬೇಕು ಅನ್ನುವುದನ್ನೂ ಕೊಳ್ಳುವ ಮೊದಲೇ ನೋಡಬೇಕು. ಮೋಟರಿಗೆ 12 ವೋಲ್ಟ್ ಡಿಸಿ ಕೊಟ್ಟು, ಶಾಫ್ಟನ್ನು ಬೆರಳಿನಲ್ಲಿ ಒಂದು ಕ್ಷಣ ಹಿಡಿದು ನಿಲ್ಲಿಸಿ, ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೀಟರಿನಲ್ಲಿ ಓದಬೇಕು. ನನ್ನ ಮೋಟರ್ ಒಂದು ಆಂಪಿಯರ್ ಒಳಗೇ ಇತ್ತು, ಹಾಗಾಗಿ ಸಾಮಾನ್ಯ ಎಚ್‌ಒ ಡಿಕೋಡರ್ ಸಾಕಾಯಿತು.

ತಂತಿಯ ಬಣ್ಣಗಳು ಬಹುತೇಕ ಎಲ್ಲ ಕಂಪನಿಯವರದೂ ಒಂದೇ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ದೀಪಗಳಿಗೆಲ್ಲ ಸಾಮಾನ್ಯ ಪ್ಲಸ್. ಹಳೇ ಬಲ್ಬ್ ತೆಗೆದು ಬೆಚ್ಚನೆ ಬಿಳುಪಿನ ಎಲ್‌ಇಡಿ ಹಾಕಿದೆ, ಪ್ರತಿಯೊಂದಕ್ಕೂ 1 ಕಿಲೋ ಓಮ್ ರೆಸಿಸ್ಟರ್. ಬೆಸುಗೆ ಹಾಕಿದ ಕಡೆಯೆಲ್ಲ ಹೀಟ್‌ಶ್ರಿಂಕ್ ಸ್ಲೀವ್. ಕಪ್ಪು ಇನ್ಸುಲೇಷನ್ ಟೇಪ್ ಬೇಡ. ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ.

ಎಂಜಿನ್ ಒಳಗೆ ಇನ್ನೊಂದು ಸೇರ್ಪಡೆ ಮಾಡಿದೆ. 2.7 ವೋಲ್ಟಿನ ಸಣ್ಣ ಸೂಪರ್ ಕೆಪಾಸಿಟರ್ ಆರು, ಸಾಲಾಗಿ ಜೋಡಿಸಿ, ಉದ್ದನೆ ಹುಡ್ ಒಳಗೆ ಮಲಗಿಸಿದೆ. ಆರು ಸೇರಿದರೆ 16.2 ವೋಲ್ಟ್ ತಾಳುತ್ತದೆ. ಚಾರ್ಜ್ ಆಗುವ ದಾರಿಯಲ್ಲಿ 100 ಓಮ್ ರೆಸಿಸ್ಟರ್, ವಾಪಸ್ ಕೊಡುವ ದಾರಿಯಲ್ಲಿ ಡಯೋಡ್. ಇದನ್ನು ಡಿಕೋಡರಿನ ನೀಲಿ ತಂತಿಗೂ ಗ್ರೌಂಡ್‌ಗೂ ಸೇರಿಸಬೇಕು. ಹಳಿಯ ಮೇಲೆ ಒಂದು ಕಣ ಧೂಳು ಸಿಕ್ಕರೂ ಎಂಜಿನ್ ಈಗ ನಿಲ್ಲುವುದಿಲ್ಲ. ನಡುವೆ ಒಂದು ಸಣ್ಣ ಪ್ಲಗ್ ಇಟ್ಟಿದ್ದೇನೆ. ಡಿಕೋಡರ್ ಪ್ರೋಗ್ರಾಮ್ ಮಾಡುವಾಗ ಕೆಪಾಸಿಟರ್ ಎಳೆಯುವ ಕರೆಂಟ್ ಓದುವಿಕೆಗೆ ಅಡ್ಡ ಬರುತ್ತದೆ, ಆಗ ಪ್ಲಗ್ ಕಿತ್ತರೆ ಆಯಿತು.

ಹಳಿಗೆ ಆ ಸಂದೇಶ ಕಳಿಸುವ ಡಿಸಿಸಿ ಕಮಾಂಡ್ ಸ್ಟೇಷನ್ ರೆಡಿಮೇಡ್ ಕೊಳ್ಳುವುದು ನಮ್ಮಂಥವರಿಗೆ ಭಾರ. ಡಿಸಿಸಿ-ಇಎಕ್ಸ್ ಅನ್ನುವ ಉಚಿತ, ಮುಕ್ತ ಸಾಫ್ಟ್‌ವೇರ್ ಇದೆ. ಆರ್ಡುಯಿನೋ ಮೆಗಾ ಮೇಲೆ ಅದನ್ನು ಹಾಕಿ, ಮೇಲೆ ಮೋಟರ್ ಶೀಲ್ಡ್ ಕೂರಿಸಿದರೆ ಪೂರ್ತಿ ಕಮಾಂಡ್ ಸ್ಟೇಷನ್ ತಯಾರು. ಶೀಲ್ಡಿನ ಒಂದು ಔಟ್‌ಪುಟ್ ಲೇಔಟಿಗೆ, ಇನ್ನೊಂದು ಪ್ರೋಗ್ರಾಮಿಂಗ್ ಹಳಿಗೆ. ಎಲ್298 ಚಿಪ್ ಇರುವ ಶೀಲ್ಡ್ ಒಳಗೇ ಒಂದೆರಡು ವೋಲ್ಟ್ ನುಂಗುತ್ತದೆ, ಅದಕ್ಕೆ 15 ವೋಲ್ಟ್ ಸಪ್ಲೈ ಕೊಟ್ಟಿದ್ದೇನೆ. ಹಾಗೆ ಕೊಡುವ ಮೊದಲು ಶೀಲ್ಡಿನ ಕೆಳಗಿರುವ ವಿನ್ ಅನ್ನುವ ಜೋಡಣೆಯನ್ನು ಬ್ಲೇಡಿನಲ್ಲಿ ಕತ್ತರಿಸಬೇಕು. ಇಲ್ಲದಿದ್ದರೆ ಆ 15 ವೋಲ್ಟ್ ಆರ್ಡುಯಿನೋ ಬೋರ್ಡಿಗೂ ಹೋಗುತ್ತದೆ. ವೈಫೈ ಮಾಡ್ಯೂಲ್ ಸೇರಿಸಿದ ಮೇಲೆ ಮೊಬೈಲಿನ ಎಂಜಿನ್ ಡ್ರೈವರ್ ಆ್ಯಪ್ಪೇ ಥ್ರಾಟಲ್, ಅಂದರೆ ವೇಗ ಏರಿಸಿ ಇಳಿಸುವ ಹಿಡಿ. ಸಾಫ್ಟ್‌ವೇರ್ ಹಾಕುವ ಕೆಲಸ ಮಗಳು ಮಾಡಿಕೊಟ್ಟಳು. "ಅಪ್ಪಾ, ಇಷ್ಟೇನಾ?" ಅಂದಳು. ಅಷ್ಟು ಸಲೀಸು.

ಸಿವಿ ಅಂದರೆ ಡಿಕೋಡರ್ ನೆನಪಿಟ್ಟುಕೊಳ್ಳುವ ಸಂಖ್ಯೆಗಳು. ಸಿವಿ 1 ಎಂಜಿನ್ನಿನ ನಂಬರ್, ಹೊಸ ಡಿಕೋಡರಿನಲ್ಲಿ ಅದು 3 ಇರುತ್ತದೆ. ನನಗೆ ಮುಖ್ಯವಾದವು 2, 3, 4. ಸಿವಿ 2ರಲ್ಲಿ ಮೋಟರ್ ಅಲುಗಲು ಬೇಕಾದ ಕನಿಷ್ಠ ವೋಲ್ಟೇಜ್ ಕೊಡಬೇಕು. ಒಂದೊಂದೇ ಏರಿಸುತ್ತಾ ಹೋಗಿ, ಥ್ರಾಟಲಿನ ವೇಗದ ಮೊದಲ ಮೆಟ್ಟಿಲಿನಲ್ಲೇ ಗಾಲಿ ಉರುಳಲು ಶುರುವಾದರೆ ಅಲ್ಲಿಗೆ ನಿಲ್ಲಿಸಿದೆ. ಸಿವಿ 3 ವೇಗ ಹಿಡಿಯಲು ತೆಗೆದುಕೊಳ್ಳುವ ಸಮಯ, ಸಿವಿ 4 ನಿಲ್ಲಲು ತೆಗೆದುಕೊಳ್ಳುವ ಸಮಯ. ಎರಡನ್ನೂ ಧಾರಾಳವಾಗಿ ಏರಿಸಿದೆ. ತುಂಬಿದ ಕಲ್ಲಿದ್ದಲು ರೇಕ್ ತಟ್ಟನೆ ಹೊರಡುವುದಿಲ್ಲ, ತಟ್ಟನೆ ನಿಲ್ಲುವುದೂ ಇಲ್ಲ. ಈಗ ಥ್ರಾಟಲ್ ಸೊನ್ನೆಗೆ ಇಳಿಸಿದ ಮೇಲೂ ಎಂಜಿನ್ ಪ್ಲಾಟ್‌ಫಾರ್ಮಿನ ಅರ್ಧದವರೆಗೆ ಬರುತ್ತದೆ. ಎಲ್ಲಿ ಇಳಿಸಿದರೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಕಲಿಯಬೇಕು. ನಿಜದ ಲೋಕೋ ಪೈಲಟ್ ಮಾಡುವುದೂ ಅದನ್ನೇ ಅಲ್ವಾ?

ಕೆಳಗಿನ ವೈರಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮನೆ ವೈರಿಂಗಿನ 1.5 ಚದರ ಮಿ.ಮೀ. ತಂತಿ ಎರಡು, ಲೇಔಟಿನ ಉದ್ದಕ್ಕೂ. ಅದರಿಂದ ಸುಮಾರು ಮೀಟರಿಗೊಂದರಂತೆ ತೆಳು ತಂತಿ ಮೇಲೆದ್ದು ಹಳಿಗೆ ಸೋಲ್ಡರ್. ಹಳಿ ಜೋಡಿಸುವ ಜಾಯಿನರ್‌ಗಳನ್ನು ನಂಬಿ ಕರೆಂಟ್ ಕಳಿಸಬಾರದು, ಕಾಲಕ್ರಮೇಣ ಅವು ಸಡಿಲ ಆಗುತ್ತವೆ. ಮುಗಿದ ಮೇಲೆ ಒಂದು ರೂಪಾಯಿ ನಾಣ್ಯವನ್ನು ಎರಡು ಹಳಿಗೂ ಅಡ್ಡ ಇಟ್ಟು, ಅಲ್ಲಲ್ಲಿ ಪರೀಕ್ಷೆ ಮಾಡಿದೆ. ಎಲ್ಲಿ ಇಟ್ಟರೂ ಕಮಾಂಡ್ ಸ್ಟೇಷನ್ ತಕ್ಷಣ ಕರೆಂಟ್ ಕಡಿಯಬೇಕು. ಕಡಿಯದಿದ್ದರೆ ಆ ಜಾಗಕ್ಕೆ ಇನ್ನೊಂದು ಜೊತೆ ತಂತಿ ಬೇಕು ಅಂತ ಅರ್ಥ.

ಇನ್ನು ಗಾಲಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಸಿಕ್ಕಿದ್ದು ಇದರಲ್ಲೇ. ಡಬ್ಬಿಗಳ ಪ್ಲಾಸ್ಟಿಕ್ ಗಾಲಿಗೆ ಧೂಳು ಬೇಗ ಅಂಟುತ್ತದೆ, ಕಪ್ಪು ಮಣ್ಣಿನ ನಮ್ಮ ಊರಿನಲ್ಲಿ ಇನ್ನೂ ಬೇಗ. ಆ ಕೊಳೆ ಉರುಳುತ್ತಾ ಹಳಿಗೆ ಹರಡುತ್ತದೆ. ಲೋಹದ ಗಾಲಿ ಹಾಕಿದ ಮೇಲೆ ಹಳಿ ಒರೆಸುವ ಕೆಲಸ ಎಷ್ಟೋ ಕಡಿಮೆ ಆಯಿತು. ಅಳತೆಯೂ ಸೊಗಸಾಗಿ ಕೂಡಿಬಂತು. ಐಸಿಎಫ್ (ಚೆನ್ನೈ ಕಾರ್ಖಾನೆ ವಿನ್ಯಾಸದ ಪ್ರಯಾಣಿಕರ) ಡಬ್ಬಿಯ ಗಾಲಿ 915 ಮಿ.ಮೀ., ಅಂದರೆ 36 ಇಂಚು. ಅಮೆರಿಕನ್ ಎಚ್‌ಒದಲ್ಲಿ 36 ಇಂಚಿನ ಗಾಲಿ ಅಂತಲೇ ಸಿಗುತ್ತದೆ, 10.5 ಮಿ.ಮೀ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ನಿನ ಗಾಲಿ ಒಂದು ಮೀಟರ್, ಅದಕ್ಕೆ 11.5 ಮಿ.ಮೀ. ಬೇಕು. 11 ಮಿ.ಮೀ.ನ ಯೂರೋಪಿಯನ್ ಗಾಲಿ ಸಿಕ್ಕಿತು, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಹೊಸ ಗಾಲಿ ಅಂದಮಾತ್ರಕ್ಕೆ ಹಾಗೇ ಹಾಕಬಾರದು. ಎರಡು ಗಾಲಿಗಳ ಒಳಮೈ ನಡುವಿನ ಅಂತರ ಸುಮಾರು 14.4 ಮಿ.ಮೀ. ಇರಬೇಕು. ಕಡಿಮೆ ಇದ್ದರೆ ಪಾಯಿಂಟ್ಸ್‌ನಲ್ಲಿ ಗಾಲಿಯನ್ನು ದಾರಿಯಲ್ಲಿಡುವ ಚೆಕ್ ರೈಲ್ ಹತ್ತಿ ಇಳಿಯುತ್ತದೆ, ಜಾಸ್ತಿ ಇದ್ದರೆ ಪಾಯಿಂಟ್ಸ್ ನಡುವಿನ ಕವಲಿನಲ್ಲಿ ತಪ್ಪು ಹಾದಿ ಹಿಡಿಯುತ್ತದೆ. ಅಣ್ಣಾರು ತಂದ ಗೇಜ್ ಹಿಡಿದು ಪ್ರತಿ ಆಕ್ಸಲ್ ನೋಡಿದೆವು. ಡಬ್ಬಿ ಯಾವಾಗಲೂ ಒಂದೇ ಜಾಗದಲ್ಲಿ ಹಳಿ ತಪ್ಪಿದರೆ ಹಳಿ ನೋಡಬೇಕು. ಒಂದೇ ಡಬ್ಬಿ ಎಲ್ಲ ಕಡೆ ಹಳಿ ತಪ್ಪಿದರೆ ಅದರ ಗಾಲಿ ನೋಡಬೇಕು.

ತೂಕವೂ ಅಷ್ಟೇ ಮುಖ್ಯ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಎಚ್‌ಒ ಡಬ್ಬಿಗೆ ಒಂದು ಲೆಕ್ಕ ಕೊಟ್ಟಿದೆ. ಮೊದಲಿಗೆ 28 ಗ್ರಾಂ, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ 14 ಗ್ರಾಂ. ನನ್ನ ಐಸಿಎಫ್ ಡಬ್ಬಿ 24.5 ಸೆಂ.ಮೀ., ಅದಕ್ಕೆ ಸುಮಾರು 163 ಗ್ರಾಂ. ಬಾಕ್ಸ್‌ಎನ್ 12.3 ಸೆಂ.ಮೀ., ಅದಕ್ಕೆ 96 ಗ್ರಾಂ. ತೂಕಕ್ಕೆ ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಹಚ್ಚುವ ಅಂಟಿನ ಪಟ್ಟಿ ತಂದೆ. ಐದೈದು ಗ್ರಾಂ ತುಂಡುಗಳು, ಅಡುಗೆಮನೆ ತಕ್ಕಡಿಯ ಮೇಲೆ ಇಟ್ಟು ಲೆಕ್ಕ ಹಾಕಲು ಸುಲಭ. ಎಲ್ಲ ಡಬ್ಬಿಯೂ ಒಂದೇ ಲೆಕ್ಕದ ತೂಕ ಇದ್ದರೆ ಉದ್ದನೆ ರೇಕ್ ತಿರುವಿನಲ್ಲಿ ಒಳಕ್ಕೆ ವಾಲಿ ಬೀಳುವುದಿಲ್ಲ.

ಬಾಗಲಕೋಟೆಯ ಗೆಳೆಯರು ತಮ್ಮ ಹೊಸ ಪ್ರಿಂಟರಿನಲ್ಲಿ ಮೊದಲು ಮಾಡಿದ್ದು ಬಾಕ್ಸ್‌ಎನ್ ಬಾಡಿಗಳನ್ನೇ. ಗೋಡೆಯ ಮೇಲಿನ ಪಟ್ಟಿ, ಬಾಗಿಲ ಕೊಂಡಿ ಎಲ್ಲ ಎದ್ದು ಕಾಣುತ್ತದೆ. ತಂತಿ ಕರಗಿಸಿ ಮಾಡುವ ಪ್ರಿಂಟರಿನಲ್ಲಿ ಪದರ ಪದರ ಗೆರೆ ಉಳಿಯುತ್ತದೆ, ರೆಸಿನ್‌ನಲ್ಲಿ ಬಹುತೇಕ ಇಲ್ಲ. ಅವರದೊಂದು ಎಚ್ಚರಿಕೆ ಇದೆ. ತಂತಿ ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಅಥವಾ ತಗಡಿನ ಕೆಳಗೆ ಇಟ್ಟರೆ ಡಬ್ಬಿ ಬಾಗುತ್ತದೆ. ರೆಸಿನ್ ಕೂಡ ಬಿಸಿಲಿನಲ್ಲಿ ಜಾಸ್ತಿ ಹೊತ್ತು ಇದ್ದರೆ ಪೆಡಸಾಗಿ ಒಡೆಯುತ್ತದೆ, ಅದಕ್ಕೆ ಬೇಗ ಪ್ರೈಮರ್ ಮತ್ತು ಬಣ್ಣ ಹಚ್ಚಬೇಕು. ಕೆಲಸ ಮಾಡುವಾಗ ಕೈಗವಸು ಹಾಕಿಕೊಳ್ಳದೆ ಅವರು ರೆಸಿನ್ ಮುಟ್ಟುವುದಿಲ್ಲ. ಎಲ್ಲರೂ ಹಾಗೇ ಮಾಡಬೇಕು, ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ.

ವ್ಯಾಗನ್ನಿಗೆ ಕಲ್ಲಿದ್ದಲು ಬೇಕಿತ್ತು. ನಿಜದ ಇದ್ದಿಲನ್ನೇ ಕುಟ್ಟಿ, ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ. ತೆಳುವಾದ ಥರ್ಮೋಕೋಲ್ ಹಲಗೆಯ ಮೇಲೆ ಹರಡಿ, ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಹನಿಸಿದೆ. ಸೋಪು ಇದ್ದರೆ ಅಂಟು ಕಣಗಳ ನಡುವೆ ಇಳಿಯುತ್ತದೆ. ಹಳಿಯ ಪಕ್ಕದ ಜಲ್ಲಿಗೂ ಇದೇ ವಿಧಾನ. ಆದರೆ ಜಲ್ಲಿಯ ವಿಷಯದಲ್ಲಿ ನಮ್ಮ ಕಡೆಯವರು ಒಂದು ಪರೀಕ್ಷೆ ಮಾಡಲೇಬೇಕು. ಇಲ್ಲಿಯ ಕಪ್ಪು ಕಲ್ಲು ಬಸಾಲ್ಟ್, ಅದರಲ್ಲಿ ಮ್ಯಾಗ್ನೆಟೈಟ್ ಇರುತ್ತದೆ. ಕ್ರಷರಿನ ಪುಡಿಯನ್ನು ಕಾಗದದ ಮೇಲೆ ಹರಡಿ ಮೇಲೆ ಅಯಸ್ಕಾಂತ ಆಡಿಸಿದರೆ ಕಣಗಳು ನೆಗೆದು ಅಂಟುತ್ತವೆ. ಅಂಥ ಪುಡಿಯನ್ನು ಹಳಿಗೆ ಹಾಕಿದರೆ ಮೋಟರಿನ ಅಯಸ್ಕಾಂತ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಾನು ಅಯಸ್ಕಾಂತಕ್ಕೆ ಅಂಟಿದ್ದನ್ನೆಲ್ಲ ತೆಗೆದು, ಉಳಿದದ್ದನ್ನು ಮಾತ್ರ ಬಳಸಿದೆ.

ಬಿಸಿಲಿನ ಇನ್ನೊಂದು ಪ್ರಶ್ನೆ ಹಳಿಯದು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನಿಕಲ್ ಸಿಲ್ವರ್ ಹಳಿ 3 ಮೀಟರ್ ಉದ್ದಕ್ಕೆ 25 ಡಿಗ್ರಿ ಏರಿದರೆ ಸುಮಾರು 1.3 ಮಿ.ಮೀ. ಹಿಗ್ಗುತ್ತದೆ. ಜನವರಿಯ ತಂಪಿನಲ್ಲಿ ಹಳಿ ಒತ್ತೊತ್ತಾಗಿ ಹಾಕಿದರೆ ಮೇನಲ್ಲಿ ಹಳಿ ಪಕ್ಕಕ್ಕೆ ಬಾಗುತ್ತದೆ. ನೇರ ಹಾದಿಯಲ್ಲಿ ಎರಡು ತುಂಡಿನ ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಟ್ಟಿದ್ದೇನೆ, ಅಲ್ಲಿ ಸೋಲ್ಡರ್ ಇಲ್ಲ. ಅಣ್ಣಾರಿಗೆ ಬೆಳಗಾವಿಯಲ್ಲಿ ಇದರ ಚಿಂತೆ ಕಡಿಮೆ. ಅವರ ಕಷ್ಟ ಮಳೆಗಾಲದ್ದು. ತಿಂಗಳುಗಟ್ಟಲೆ ತೇವ, ಸಾಮಾನ್ಯ ಪ್ಲೈವುಡ್ ಉಬ್ಬುತ್ತದೆ. ಅವರು ಮರೀನ್ ಪ್ಲೈ ಹಾಕಿ, ಕತ್ತರಿಸಿದ ಅಂಚಿಗೆಲ್ಲ ಬಣ್ಣ ಬಳಿದಿದ್ದಾರೆ.

ಅವರ ಲೇಔಟಿನ ಕನಸು ಬೇರೆಯದೇ. ಕ್ಯಾಸಲ್‌ರಾಕ್‌ನಿಂದ ದೂಧಸಾಗರ ಕಡೆ ಇಳಿಯುವ ಬ್ರಗಾಂಝಾ ಘಾಟ್. ನಿಜದಲ್ಲಿ ಅಲ್ಲಿಯ ಏರು 37ಕ್ಕೆ 1. ಅಂದರೆ ಲೇಔಟಿನಲ್ಲಿ ಮೀಟರಿಗೆ 27 ಮಿ.ಮೀ. ಒಂದು ಹಾದಿ ಇನ್ನೊಂದರ ಮೇಲೆ ಹಾಯಲು 9 ಸೆಂ.ಮೀ. ಎತ್ತರ ಬೇಕು ಅಂದುಕೊಂಡರೂ ಮೂರೂಕಾಲು ಮೀಟರಿಗೂ ಹೆಚ್ಚು ಉದ್ದ ಬೇಕಾಗುತ್ತದೆ. ಆ ಏರಿಗೆ ನಿಜದಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನು ಹಾಕುತ್ತಾರೆ. ಡಿಸಿಸಿಯಲ್ಲಿ ಅದನ್ನೂ ಮಾಡಬಹುದು. ಮುಂದಿನ, ಹಿಂದಿನ ಎಂಜಿನ್‌ಗಳ ಸಿವಿ 19ರಲ್ಲಿ ಒಂದೇ ಸಂಖ್ಯೆ ಕೊಟ್ಟರೆ ಎರಡೂ ಒಂದೇ ಥ್ರಾಟಲ್‌ಗೆ ಓಡುತ್ತವೆ. ಆದರೆ ಮೊದಲು ಎರಡರ ವೇಗ ಸರಿಹೊಂದಿಸಬೇಕು. ಹಿಂದಿನದು ತುಸು ಜೋರಿದ್ದರೂ ನಡುವಿನ ಡಬ್ಬಿಗಳು ತಿರುವಿನಲ್ಲಿ ಹಾರುತ್ತವೆ. ನನ್ನ ಎಂಜಿನ್ ಮೇಲೆ ಪ್ರಯೋಗ ಮಾಡಿ ನೋಡಿದ ಮೇಲೆ ಅವರೂ ಡಿಸಿಸಿಗೆ ಹೋಗುವುದು ಅಂತ ನಿಶ್ಚಯ ಮಾಡಿದರು.

ಗೋಳಗುಮ್ಮಟದ ಕೆಲಸ ಅರ್ಧಕ್ಕೆ ಬಂದಿದೆ. ಗುಮ್ಮಟದ ಹೊರ ವ್ಯಾಸ 44 ಮೀಟರ್. 1:87ರಲ್ಲಿ ಮಾಡಿದರೆ ಗುಮ್ಮಟವೊಂದೇ ಅರ್ಧ ಮೀಟರ್ ಆಗುತ್ತದೆ, ಕಟ್ಟಡದ ಎತ್ತರ 59 ಸೆಂ.ಮೀ. ಕೋಣೆಯಲ್ಲಿ ಬೇರೆ ಯಾವುದೂ ಕಾಣುವುದಿಲ್ಲ. ದೂರದಲ್ಲಿರುವಂತೆ ತೋರಬೇಕಾದರೆ ಸ್ಕೇಲ್ ಇಳಿಸಬೇಕು. 1:220 ಹಿಡಿದಿದ್ದೇನೆ. ಗುಮ್ಮಟ 20 ಸೆಂ.ಮೀ., ಎತ್ತರ 23. ದೊಡ್ಡ ರಬ್ಬರ್ ಚೆಂಡಿನ ಮೇಲೆ ಕಾಗದದ ಪದರ ಅಂಟಿಸಿ, ಒಣಗಿದ ಮೇಲೆ ಕೊಯ್ದು ತೆಗೆದೆ. ನಾಲ್ಕು ಮೂಲೆಯ ಏಳಂತಸ್ತಿನ ಗೋಪುರಗಳನ್ನು ಕಾರ್ಡ್‌ಬೋರ್ಡಿನಲ್ಲಿ ಮಾಡುತ್ತಿದ್ದೇನೆ. ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವ ಕಮಲದ ಎಸಳುಗಳೇ ಕಷ್ಟ. ಬಾಗಲಕೋಟೆಯವರು ಅದನ್ನು ರೆಸಿನ್‌ನಲ್ಲಿ ಪ್ರಿಂಟ್ ಮಾಡಿಕೊಡುವುದಾಗಿ ಹೇಳಿದ್ದಾರೆ.

ಈಗ ಡಬ್ಲ್ಯುಡಿಎಂ-2 ಮೊದಲ ಮೆಟ್ಟಿಲಿನಲ್ಲಿ ಬಾಕ್ಸ್‌ಎನ್ ರೇಕ್ ಹಿಡಿದು ಕೂಡಗಿ ಸೈಡಿಂಗಿಗೆ ತಿರುಗುತ್ತದೆ. ಮೀಟರ್ ದಾಟಲು ಅರ್ಧ ನಿಮಿಷ, ಪಾಯಿಂಟ್ಸ್ ಮೇಲೂ ತಡೆ ಇಲ್ಲ. ಎರಡನೇ ಡಿಕೋಡರ್ ಬಾಗಲಕೋಟೆಯವರ ಸರಕು ಎಂಜಿನ್ ಡಬ್ಲ್ಯುಡಿಜಿ-4ಗೆ ಹೋಗಬೇಕು. 4000 ಅಶ್ವಶಕ್ತಿಯ ಈ ಎಂಜಿನ್‌ಗಳು ಹುಬ್ಬಳ್ಳಿ ಶೆಡ್ಡಿನಲ್ಲಿ ಬೇಕಾದಷ್ಟಿವೆ, ಹಾಗಾಗಿ ಕಲ್ಲಿದ್ದಲು ರೇಕಿಗೆ ಅದೇ ಹೆಚ್ಚು ಸೂಕ್ತ. ಬಾಡಿ ಪ್ರಿಂಟ್ ಆಗಿದೆ, ಚಾಸಿ ಬಂದಿದೆ. ಮೋಟರಿನ ಆಂಪಿಯರ್ ನೋಡಬೇಕು, ಗಾಲಿಯ ಅಂತರ ನೋಡಬೇಕು. ಎರಡು ಎಂಜಿನ್‌ಗಳ ವೇಗ ಸರಿಹೊಂದಿಸುವ ಕೆಲಸ ಅದಾದ ಮೇಲೆ.